ನಲವತ್ತಮೂರು ಮೊಳೆಯ ಮನೆ

ಇದನ್ನು ನೀವು ನಂಬುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಮೂವತ್ತೆಂಟು ಜನ ನಂಬಲಿಲ್ಲ, ಅವರೇನು ಪೆದ್ದರಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುವುದು ನನ್ನ ಕರ್ತವ್ಯ. ಸ್ವಲ್ಪ ಹೆಚ್ಚಾದರೆ ಅದು ಕೊಸರು.

ಹೋದ ವರ್ಷ, ೧೯೭೯ರ ಮೇ ತಿಂಗಳು. ಆಗ ನಾನು ಅಜ್ಜಂಪುರದಲ್ಲಿದ್ದೆ. ವಯಸ್ಸು ಹದಿನೈದು, ಸರ್ವೀಸು ಹನ್ನೊಂದು ವರ್ಷ. ಬಾಡಿಗೆ ಮನೆಯನ್ನು ತೊಳೆದು ಮಾಲೀಕರಿಗೆ ಒಪ್ಪಿಸುವ ಸರ್ವೀಸು. ಅಪ್ಪ ಜಮೀನು ಅಳೆಯುವ ಸರ್ವೆಯರ್. ಒಂದು ಊರಿನ ನಾಯಿಗಳಿಗೆ ಅವರ ಗುರುತು ಹತ್ತುವಷ್ಟರಲ್ಲಿ ವರ್ಗವಾಗುತ್ತಿತ್ತು. ನಾಲ್ಕನೇ ವಯಸ್ಸಿನಲ್ಲಿ ಕಡೂರಿನ ಮನೆಯಲ್ಲಿ ಪೊರಕೆ ಹಿಡಿದವಳು ನಾನು. ಆಮೇಲೆ ಬೀರೂರು, ಮತ್ತೆ ಕಡೂರು, ಆಮೇಲೆ ಅಜ್ಜಂಪುರ. ಈಗ ತರೀಕೆರೆಗೆ ಆರ್ಡರ್ ಬಂದಿತ್ತು.

ತರೀಕೆರೆಯಲ್ಲಿ ಒಂದು ಮನೆ ನೋಡಿದ್ದೆವು. ಅದರ ಅಡುಗೆಮನೆಯ ಒಳಗೇ ನಲ್ಲಿ. ತಿರುಗಿಸಿದರೆ ನೀರು. ಅಜ್ಜಂಪುರದಲ್ಲಿ ನಾನು ದಿನಕ್ಕೆ ಹದಿನಾರು ಕೊಡ ಬಾವಿಯಿಂದ ಹೊತ್ತು, ನನ್ನ ಎಡ ಸೊಂಟ ಬಲಕ್ಕಿಂತ ಒಂದು ಇಂಚು ಕೆಳಗಿಳಿದಿತ್ತು. ಆ ಮನೆ ನಮ್ಮ ಅಜ್ಜಂಪುರದ ಮಾಲೀಕರಾದ ಗೌರಮ್ಮಜ್ಜಿಯ ತಮ್ಮನದು. ಆತ ಹೇಳಿದ್ದು ಒಂದೇ ಮಾತು: "ಅಕ್ಕ ಹೂಂ ಅಂದ್ರೆ ಬೀಗದಕೈ ಕೊಡ್ತೀನಿ. ನೀವು ಬಿಡೋ ಮನೆ ನೋಡಿ ಅವಳು ಹೇಳ್ಲಿ."

ಅಲ್ಲಿಗೆ ನನ್ನ ಸೊಂಟದ ಭವಿಷ್ಯ ಗೌರಮ್ಮಜ್ಜಿಯ ಕಣ್ಣಿನಲ್ಲಿತ್ತು.

ಐದು ವರ್ಷದ ಹಿಂದೆ ಮನೆ ಕೊಡುವಾಗ ಅಜ್ಜಿ ಹಾಕಿದ್ದು ಒಂದೇ ಷರತ್ತು, ಗೋಡೆಗೆ ಮೊಳೆ ಹೊಡೆಯಬಾರದು. ಅಪ್ಪ "ಛೆ ಛೆ, ಎಲ್ಲಾದ್ರೂ ಉಂಟೇ" ಎಂದಿದ್ದರು. ಆದರೆ ಅಪ್ಪನಿಗೆ ಒಂದು ವಸ್ತು ನೆಲದ ಮೇಲಿದ್ದರೆ ಅದು ಕಳೆದುಹೋದಂತೆಯೇ ಲೆಕ್ಕ. ಟಾರ್ಚಿಗೊಂದು ಮೊಳೆ, ಕನ್ನಡಿಗೊಂದು, ಪಂಚಾಂಗಕ್ಕೊಂದು, ಪಂಚಾಂಗ ಓದುವ ಕನ್ನಡಕಕ್ಕೊಂದು. ಮೊಳೆ ಕೀಳುವ ಇಕ್ಕಳ ನೇತುಹಾಕುವುದಕ್ಕೇ ಒಂದು ಮೊಳೆ ಇತ್ತು. ಒಟ್ಟು ನಲವತ್ತಮೂರು. ಅಜ್ಜಿ ಐದು ವರ್ಷ ಒಳಗೆ ಬರಲಿಲ್ಲ. ಬಾಡಿಗೆದಾರರ ಮನೆಯೊಳಗೆ ಇಣುಕುವುದು ಮರ್ಯಾದೆಯಲ್ಲ ಎನ್ನುವ ಹೆಂಗಸು.

ನಮ್ಮ ಕಡೆ ಒಂದು ಪದ್ಧತಿ ಇದೆ. ಜನ ಹೊರಟ ಮೇಲೆ ಅವರ ಹಿಂದೆಯೇ ಕಸ ಗುಡಿಸಬಾರದು, ಅದು ಸಾವಿನ ಮನೆಯ ಕ್ರಮ. ಹಾಗಾಗಿ ಲಾರಿ ಬರುವ ಹಿಂದಿನ ದಿನವೇ ಗುಡಿಸಿ, ತೊಳೆದು, ತೋರಿಸಿ ಮುಗಿಸಬೇಕು. ಅಪ್ಪ ಆಫೀಸಿನಲ್ಲಿ ಚಾರ್ಜು ಒಪ್ಪಿಸಲು ಹೋದರು. ನಾನೂ ಅಮ್ಮನೂ ಕೆಲಸಕ್ಕೆ ಇಳಿದೆವು.

ಕೆಂಪು ಗಾರೆ ನೆಲವನ್ನು ಸೀಗೆಪುಡಿ ಹಾಕಿ ಉಜ್ಜಿ, ತೆಂಗಿನಕಾಯಿಯ ಜುಂಗಿನಲ್ಲಿ ಎಣ್ಣೆ ಸವರಿದೆವು. ಬೆಕ್ಕೊಂದು ಬಾಗಿಲಲ್ಲಿ ಕಾಲಿಟ್ಟದ್ದು ಹಿತ್ತಲಲ್ಲಿ ನಿಂತಿತು. ಒಲೆಯ ಮೇಲಿನ ಮಸಿಯನ್ನು ನಾನೇ ಕೆರೆದೆ. ಮಸಿ ಮೆತ್ತಿದ ಮುಖ ಕಂಡು ಅರ್ಧ ಗಂಟೆ ಅಮ್ಮ ನನ್ನನ್ನು ಪಕ್ಕದ ಮನೆಯವರು ಎಂದುಕೊಂಡು ಬಹುವಚನದಲ್ಲಿ ಮಾತಾಡಿಸಿದರು.

ಮೊಳೆಗಳನ್ನೆಲ್ಲ ಇಕ್ಕಳದಲ್ಲಿ ಕಿತ್ತೆ, ಉಳಿದದ್ದು ತೂತುಗಳು. ಬೀರೂರಿನ ಮನೆಯಲ್ಲಿ ಏಳು ತೂತಿಗೆ ಹಲ್ಲುಪುಡಿ ಕಲಸಿ ತುಂಬಿದ್ದೆ. ನಲವತ್ತಮೂರಕ್ಕೆ ಊರಿನ ಹಲ್ಲುಪುಡಿಯೆಲ್ಲ ಸಾಲದು. ಸಿಮೆಂಟು ಬೇಕೆಂದರೆ ಸರ್ಕಾರದ ಪರ್ಮಿಟ್ ಬೇಕು. ಆಗ ಪಾತ್ರೆಯಲ್ಲಿ ಬೆಳಗಿನ ರಾಗಿಮುದ್ದೆ ಕಂಡಿತು.

"ಅಮ್ಮ, ಇದು ಒಣಗಿದ್ರೆ ಕಲ್ಲಾಗುತ್ತಲ್ಲ?"

"ನಿಮ್ಮಪ್ಪ ತಿನ್ನುವಾಗ ಹಂಗೇ ಅಂತಾರೆ."

ಹಳೇ ಕಾಲದಲ್ಲಿ ಗಾರೆ ಗಟ್ಟಿಯಾಗಲೆಂದು ಬೆಲ್ಲದ ನೀರು ಹಾಕುತ್ತಿದ್ದರೆಂದು ಗಾರೆ ಕೆಲಸದವರೊಬ್ಬರು ಹೇಳಿದ್ದು ನೆನಪಿತ್ತು. ಮುದ್ದೆಗೆ ಅಚ್ಚು ಬೆಲ್ಲ ಕರಗಿಸಿ ನಾದಿದೆ. ನಲವತ್ತಮೂರು ತೂತಿಗೂ ತುಂಬಿ, ಹೆಬ್ಬೆಟ್ಟಿನಲ್ಲಿ ಒತ್ತಿ, ಮೇಲೆ ನೀಲಿ ಬೆರೆಸಿದ ಸುಣ್ಣ ಬಳಿದೆ. ಗೋಡೆ ಹುಟ್ಟಿದ ದಿನ ಇದ್ದಂತಾಯಿತು. ಈ ಇಪ್ಪತ್ತನೇ ಶತಮಾನದಲ್ಲಿ ಇಂಥ ಕೆಲಸ ಇನ್ನೊಂದಿಲ್ಲ ಎಂದು ನನ್ನ ವಿನಮ್ರ ಅಭಿಪ್ರಾಯ.

ನಾಲ್ಕು ಗಂಟೆಗೆ ಗೌರಮ್ಮಜ್ಜಿ ಬಂದರು. ಹಣೆಗೆ ಮೂರು ಗೆರೆ ವಿಭೂತಿ, ಕೈಯಲ್ಲಿ ಕನ್ನಡಕ. ನೆಲ ನೋಡಿದರು. ಒಲೆ ನೋಡಿದರು. ಬಚ್ಚಲ ಹಂಡೆಯ ಹಿಂದೆ ಬೆರಳಾಡಿಸಿ, ಆ ಬೆರಳನ್ನು ಬಿಸಿಲಿಗೆ ಹಿಡಿದರು.

"ಪರ್ವಾಗಿಲ್ಲ ಕಣೇ ಹುಡುಗಿ. ನನ್ ಸೊಸೇರು ಇಬ್ರೂ ಸೇರಿ ಮಾಡಿದ್ರೂ ಹಿಂಗಾಗ್ತಿರಲಿಲ್ಲ."

ನಲ್ಲಿಯ ನೀರಿನ ಸದ್ದು ನನಗೆ ಅಲ್ಲಿಗೇ ಕೇಳಿಸಿತು. ಆಗಲೇ ಅಜ್ಜಿ ಕನ್ನಡಕ ಹಾಕಿಕೊಂಡರು.

ನಡುಮನೆಯ ಗೋಡೆಯ ಮೇಲೆ ಇರುವೆಗಳು ಹತ್ತುತ್ತಿದ್ದವು. ಅಜ್ಜಂಪುರ ಹೋಬಳಿಯ ಅಷ್ಟೂ ಇರುವೆ. ಒಂದು ಸಾಲು ಕನ್ನಡಿಯಿದ್ದ ಜಾಗಕ್ಕೆ, ಒಂದು ಸಾಲು ಟಾರ್ಚಿದ್ದ ಜಾಗಕ್ಕೆ. ತೂತಿಗೊಂದು ಸಾಲು, ತಪ್ಪದ ಅಳತೆ.

"ಇದೇನೇ ಇದು?"

"ಅಜ್ಜಿ, ಇರುವೆ ಸಾಲುಗಟ್ಟಿ ಬಂದ್ರೆ ಆ ಮನೆಗೆ ಅನ್ನಕ್ಕೆ ತೊಂದ್ರೆ ಇಲ್ವಂತೆ," ಎಂದೆ. "ಮುಂದೆ ಬರೋರ ಪುಣ್ಯ."

ಅಜ್ಜಿ ಗೋಡೆಯನ್ನೇ ನೋಡುತ್ತಿದ್ದರು.

"ಯಾರು ಹೇಳಿದ್ರು?"

"ಕಡೂರಲ್ಲಿ ಒಬ್ರು ಸ್ವಾಮಿಗಳು."

ಮಠದ ಮಾತು ಬಂದರೆ ಅಜ್ಜಿ ಎದುರಾಡುವವರಲ್ಲ. ಸೆರಗು ಎಳೆದುಕೊಂಡು ಇರುವೆಗಳಿಗೆ ಕೈ ಮುಗಿದರು. ಅಮ್ಮ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದರು. "ಸರಿ ಬಿಡು, ನನ್ ತಮ್ಮಂಗೆ ಒಂದ್ ಚೀಟಿ ಬರೀತೀನಿ, ಪೆನ್ ಕೊಡು," ಎಂದರು ಅಜ್ಜಿ.

ನಾನು ಪೆನ್ನಿನ ಮುಚ್ಚಳ ತೆಗೆದು ಕೊಟ್ಟೆ. ಅಷ್ಟರಲ್ಲಿ ಅಪ್ಪ ಒಳಗೆ ಬಂದರು.

ಚಾರ್ಜು ಒಪ್ಪಿಸಿ ದಣಿದಿದ್ದರು. ಯಾರನ್ನೂ ನೋಡಲಿಲ್ಲ. ಕೋಟು ಬಿಚ್ಚಿ, ಐದು ವರ್ಷದ ಅಭ್ಯಾಸದಂತೆ ಗೋಡೆಯ ಕಡೆ ತಿರುಗದೆಯೇ ಅದನ್ನು ನೇತುಹಾಕಿದರು. ಕೋಟು ಅಜ್ಜಿಯ ಪಾದದ ಮೇಲೆ ಬಿತ್ತು.

"ಇಲ್ಲೊಂದು ಮೊಳೆ ಇತ್ತಲ್ಲ?" ಎಂದರು ಅಪ್ಪ.

ಅಜ್ಜಿ ಮೆಲ್ಲಗೆ ಹೋಗಿ ಉಗುರಿನಿಂದ ಸುಣ್ಣ ಕೆರೆದರು. ರಾಗಿ ಕಂಡಿತು. ಮೂಸಿದರು. ಬೆಲ್ಲವೂ ತಿಳಿಯಿತು.

"ಎಷ್ಟು ಮೊಳೆ ಸರ್ವೆಯರ್ರೇ?"

ನಾನು ಹಿಂದಿನಿಂದ ಅಪ್ಪನಿಗೆ ಎರಡು ಬೆರಳು ತೋರಿಸಿದೆ. ಅಪ್ಪ ಅಳತೆಯಲ್ಲಿ ಸುಳ್ಳು ಹೇಳಿದವರಲ್ಲ.

"ನಲವತ್ತಮೂರು ಅಮ್ಮಾ. ಎಲ್ಲಾ ನಾನೇ ಹೊಡೆದಿದ್ದು."

ಅಜ್ಜಿ ಕೋಪ ಮಾಡಿಕೊಳ್ಳಲಿಲ್ಲ. ಪೆನ್ನನ್ನು ನನ್ನ ಕೈಗೆ ವಾಪಸು ಕೊಟ್ಟು, ಅಮ್ಮನಿಗೆ ಕುಂಕುಮ ಕೊಟ್ಟು, ಬಾಗಿಲ ಹತ್ತಿರ ನಿಂತು ಹೇಳಿದರು: "ನನ್ ತಮ್ಮಂಗೆ ಹೇಳಿ ಕಳಿಸ್ತೀನಿ, ಗೋಡೆ ಇಲ್ದಿರೋ ಮನೆ ಇದ್ರೆ ನಿಮಗೆ ಕೊಡ್ಲಿ ಅಂತ."

ತರೀಕೆರೆಯಲ್ಲಿ ನಮಗೆ ಸಿಕ್ಕ ಮನೆಗೆ ಬಾವಿ ಎರಡು ಬೀದಿ ಆಚೆ. ಈಗ ಬಲ ಸೊಂಟದ ಮೇಲೆ ಹೊರುತ್ತೇನೆ, ಎರಡೂ ಸಮವಾಗಲಿ ಎಂದು. ಹನ್ನೊಂದು ವರ್ಷದ ಸರ್ವೀಸು ನನಗೆ ಕಲಿಸಿದ್ದನ್ನು ಮನೆ ಬದಲಾಯಿಸುವ ಎಲ್ಲರಿಗೂ ಹೇಳುತ್ತೇನೆ: ಪಾತ್ರೆ, ಹಾಸಿಗೆ, ಬೀರು ನಿಧಾನಕ್ಕೆ ಹೋಗಲಿ, ಮೊದಲನೇ ಲಾರಿಯಲ್ಲಿ ಅಪ್ಪನನ್ನು ಕಳಿಸಿಬಿಡಿ.