ಥಾರ್ನ್‌ಬೆಕ್‌ನ ಎದುರು ಪ್ಲಾಟ್‌ಫಾರ್ಮು

ಸೆಲ್ವಿನ್ ಟ್ರಾಂಟರ್ ತನ್ನ ಹಿತ್ತಲ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕೂತು ನಮ್ಮೂರು ಥಾರ್ನ್‌ಬೆಕ್‌ನ ರೈಲು ನಿಲ್ದಾಣವನ್ನು ಮತ್ತೆ ಕಟ್ಟಿದ. ಹದಿನಾರಡಿ ಉದ್ದ, ಎರಡಡಿ ಅಗಲದ ಹಲಗೆಯ ಮೇಲೆ. ನಿಜವಾದ ನಿಲ್ದಾಣವನ್ನು ಅರವತ್ನಾಲ್ಕರಲ್ಲಿ ಮುಚ್ಚಿ, ಹಳಿಗಳನ್ನೂ ಕಿತ್ತರು. ಅಲ್ಲಿ ಈಗ ಹಳೇ ಟೈರ್ ಮಾರುವ ಅಂಗಡಿಯಿದೆ. ಆದರೆ ಸೆಲ್ವಿನ್‌ನ ಹಲಗೆಯ ಮೇಲೆ ಯಾವತ್ತೂ 1951ರ ಸೆಪ್ಟೆಂಬರ್ ಹದಿಮೂರು, ಗುರುವಾರ, ಸಂಜೆ ನಾಲ್ಕು ಗಂಟೆ ಐದು ನಿಮಿಷ. ಆ ಹೊತ್ತಿಗೆ ಅಲ್ಲಿ ಇಲ್ಲದಿದ್ದ ಒಂದು ಬಕೆಟ್ಟು ಕೂಡ ಅವನ ನಿಲ್ದಾಣದಲ್ಲಿ ಇರುವಂತಿಲ್ಲ.

ನಾನು ಬೆರಿಲ್. ಇಪ್ಪತ್ತಾರು ವರ್ಷ ಲೀಡ್ಸ್ ನಗರದ ಕೋಟು ಕಾರ್ಖಾನೆಯಲ್ಲಿ ಗುಂಡಿ ಹೊಲಿದವಳು. ಕಣ್ಣು ಚುರುಕು, ಕೈ ನಡುಗುವುದಿಲ್ಲ. ಹಾಗಾಗಿ ನಮ್ಮೂರ ರೈಲು ಮಾದರಿ ಸಂಘದ ಗಂಡಸರು ಮಾಡುವ ಊರುಗಳಿಗೆಲ್ಲ ಜನರನ್ನು ನಾನೇ ಬಣ್ಣ ಹಚ್ಚಿ ಕೊಡುವುದು. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಜನ. ಈ ಗಂಡಸರು ಒಂದು ಇಂಜಿನ್ನಿನ ಮೊಳೆಗಳನ್ನು ಎಣಿಸಿ ಜಗಳಾಡುತ್ತಾರೆ. ಹೆಂಡತಿಯ ಕಣ್ಣಿನ ಬಣ್ಣ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ.

ಸೆಲ್ವಿನ್‌ಗೆ ಹೆಂಡತಿಯೂ ಇರಲಿಲ್ಲ. ಇದ್ದವಳು ಒಬ್ಬಳು ತಂಗಿ, ಎನಿಡ್. ಅಪ್ಪ ಸತ್ತ ಮೇಲೆ ಮನೆಯ ಯಜಮಾನಿಕೆಯನ್ನು ಇಪ್ಪತ್ತೆರಡರ ಹರೆಯದಲ್ಲೇ ಹೊತ್ತುಕೊಂಡ ಅಣ್ಣ, ಆಗ ಥಾರ್ನ್‌ಬೆಕ್‌ನಲ್ಲಿ ಗಾಡಿಗಳಿಗೆ ಕೈಮರ ಇಳಿಸಿ ದಾರಿ ಬಿಡುವ ಸಿಗ್ನಲ್‌ಮನ್. ತಂಗಿ ಊರು ಬಿಟ್ಟು ದುಡಿಯಲು ಹೋಗುತ್ತೇನೆ ಅಂದಳು. ಇವನು, "ಹೋದರೆ ಮತ್ತೆ ನನಗೆ ಮುಖ ತೋರಿಸಬೇಡ" ಅಂದ. ಆ ಗುರುವಾರ ಅವಳು ಪೆಟ್ಟಿಗೆ ಹಿಡಿದು ನಿಲ್ದಾಣಕ್ಕೆ ಬಂದು, ಹೋಗಿ ಬರುತ್ತೇನೆ ಎಂದು ಹೇಳಲು ಸಿಗ್ನಲ್ ಕೋಣೆಯ ಮೆಟ್ಟಿಲು ಹತ್ತಿದಳು. ಬಾಗಿಲಿನ ಮೇಲೆ ಒಂದು ಸಲ ಬಡಿದಳು.

ಇಲ್ಲೊಂದು ವಿಷಯ ಹೇಳಬೇಕು. ಸಿಗ್ನಲ್ ಕೋಣೆಯವರು ಪಕ್ಕದ ನಿಲ್ದಾಣದ ಕೋಣೆಯವರ ಜೊತೆ ತಂತಿ ಎಳೆದ ಗಂಟೆಯಲ್ಲೇ ಮಾತಾಡುತ್ತಿದ್ದರು. ಮೊದಲು ಒಂದೇ ಒಂದು ಹೊಡೆತ. 'ಕೇಳಿಸ್ತಿದೆಯಾ?' ಎಂದು ಅದರ ಅರ್ಥ. ಆ ಕಡೆಯವನು ಒಂದು ಹೊಡೆತ ತಿರುಗಿ ಕೊಡಬೇಕು. ಆಮೇಲೇ ಉಳಿದ ಮಾತು. ಒಂದಕ್ಕೆ ಒಂದು ಕೊಡದೆ ಕೂತವನನ್ನು ಆ ಜನ ಮನುಷ್ಯ ಎಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎನಿಡ್ ಸಿಗ್ನಲ್‌ಮನ್ ಮನೆಯ ಹುಡುಗಿ, ಅದಕ್ಕೇ ಒಂದೇ ಸಲ ಬಡಿದದ್ದು. ಸೆಲ್ವಿನ್ ತಿರುಗಲಿಲ್ಲ. ಬೆನ್ನು ಹಾಕಿಕೊಂಡೇ, ಬಾಗಿಲಿನ ಮೇಲೆ ಹೊಡೆದಿದ್ದ 'ಅನ್ಯರಿಗೆ ಪ್ರವೇಶವಿಲ್ಲ' ಎಂಬ ಫಲಕದ ಕಡೆ ಬೆರಳು ಮಾಡಿದ. ಅವಳು ಮೆಟ್ಟಿಲಿಳಿದು ಹೋದಳು.

ನಮ್ಮದು ಒಂಟಿ ಹಳಿಯ ದಾರಿ. ನಾಲ್ಕು ಗಂಟೆ ಹತ್ತಕ್ಕೆ ಲೀಡ್ಸಿಗೆ ಹೋಗುವ ಗಾಡಿಯೂ ಕಡಲ ಕಡೆಯ ಸ್ಯಾಂಡ್‌ಹೇವನ್ನಿಗೆ ಹೋಗುವ ಗಾಡಿಯೂ ನಮ್ಮಲ್ಲೇ ಒಂದಕ್ಕೊಂದು ದಾರಿ ಬಿಡುತ್ತಿದ್ದವು. ಎರಡೂ ಬಂದವು, ಎರಡೂ ಹೋದವು. ಪ್ಲಾಟ್‌ಫಾರ್ಮು ಖಾಲಿಯಾಯಿತು. ಎನಿಡ್ ಯಾವುದನ್ನು ಹತ್ತಿದಳು ಎಂದು ಟಿಕೆಟಿನವನನ್ನು ಕೇಳಲು ಸೆಲ್ವಿನ್‌ಗೆ ಜಂಬ. ಜಂಬ ಇಳಿಯುವ ಹೊತ್ತಿಗೆ ಟಿಕೆಟಿನವನು ಸತ್ತಿದ್ದ. ಅವಳ ಬಾಯಲ್ಲಿ ಯಾವಾಗಲೂ ಲೀಡ್ಸೇ ಇರುತ್ತಿತ್ತು. ಹಾಗಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಲೀಡ್ಸಿನ ಬೀದಿ ಬೀದಿ ತಿರುಗಿದ, ಅಲ್ಲಿನ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟ. ಅವಳನ್ನು ಕಂಡು ಒಂದು ಸಲ ತಪ್ಪಾಯಿತು ಎನ್ನಬೇಕು, ಅಷ್ಟೇ ಅವನ ಬದುಕಿಗೆ ಉಳಿದಿದ್ದ ಕೆಲಸ.

ಎಂಬತ್ತಾರರಲ್ಲಿ ನಮ್ಮ ಸಂಘದ ಕಾರ್ಯದರ್ಶಿ ಹೊರೇಸ್ ಒಂದು ಫೋಟೋ ಹಿಡಿದು ಬಂದ. ಇಂಜಿನ್ನುಗಳ ಪಟ ತೆಗೆಯುತ್ತ ತಿರುಗುತ್ತಿದ್ದ ಯಾರೋ ಮುದುಕ ತೀರಿಕೊಂಡು, ಅವನ ಆಲ್ಬಮ್ ಸಂಘಕ್ಕೆ ಬಂದಿತ್ತು. ಹಿಂದೆ ಪೆನ್ಸಿಲಿನಲ್ಲಿ ಊರು, ತಾರೀಕು, ಹೊತ್ತು. ಮುಂದೆ, ಪ್ಲಾಟ್‌ಫಾರ್ಮಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಂತ ಎನಿಡ್. ಅವಳ ಹಿಂದೆ ನಮ್ಮ ನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದ ಪೋರ್ಟರ್ ಕ್ಲೆಮ್; ಅವನೂ ತೀರಿಕೊಂಡು ವರ್ಷಗಳಾಗಿದ್ದವು.

ನಮ್ಮ ಎರಡು ಪ್ಲಾಟ್‌ಫಾರ್ಮುಗಳೂ ಒಂದೇ ಅಚ್ಚಿನವು. ಎದುರಿನಿಂದ ನೋಡಿದರೆ ಲೀಡ್ಸ್ ಕಡೆಯದರಲ್ಲಿ ದೀಪದ ಕಂಬದ ಎಡಕ್ಕೆ ಬೆಂಚು, ಕಡಲ ಕಡೆಯದರಲ್ಲಿ ಬಲಕ್ಕೆ. ಅದೊಂದೇ ವ್ಯತ್ಯಾಸ. ಫೋಟೋದಲ್ಲಿ ಬೆಂಚು ಎಡಕ್ಕಿತ್ತು.

"ಲೀಡ್ಸೇ," ಅಂದ ಸೆಲ್ವಿನ್. "ನಾನು ಹೇಳಿರ್ಲಿಲ್ವಾ ಬೆರಿಲ್? ಅವಳನ್ನು ಮಾಡಿಕೊಡು. ನನ್ನನ್ನೂ ಮಾಡು. ಕೋಣೆಯೊಳಗೆ, ಬೆನ್ನು ಹಾಕ್ಕೊಂಡು."

"ಮುಖ ಕಾಣೋ ಹಾಗೆ ಮಾಡ್ತೀನಿ ಕಣಯ್ಯಾ. ಇರೋದೇ ಅಷ್ಟು ಚೆಂದ."

"ಬೇಡ. ಇದ್ದದ್ದು ಇದ್ದ ಹಾಗೇ ಇರಬೇಕು."

ಮಾಡಿಕೊಟ್ಟೆ. ಸಿಗ್ನಲ್‌ಮನ್ನನ್ನು ಬೆನ್ನು ಹಾಕಿಸಿ ಕೋಣೆಯೊಳಗೆ ಅಂಟಿಸಿ, ಮೇಲೆ ಸೂರು ಕೂರಿಸಿ ಸುತ್ತಲೂ ಅಂಟು ಹಾಕಿದೆವು. ಎನಿಡ್‌ಳ ಪಾದಕ್ಕೆ ಸಣ್ಣ ತಂತಿ ಚುಚ್ಚಿ, ಲೀಡ್ಸ್ ಪ್ಲಾಟ್‌ಫಾರ್ಮಿನಲ್ಲಿ ತೂತು ಕೊರೆದು, ಅಂಟು ಸವರಿ ನಿಲ್ಲಿಸಿದೆವು. ಫೋಟೋ ಕಪ್ಪು ಬಿಳುಪು, ತೀರ ಚಿಕ್ಕದು. ಕೋಟಿನ ಬಣ್ಣವನ್ನು ಸೆಲ್ವಿನ್‌ನ ನೆನಪಿನಿಂದಲೇ ಹಚ್ಚಿದ್ದೆ. ಬರೀ ಮಬ್ಬು ಹಸಿರು, ಗುಂಡಿಯಿಲ್ಲ.

ಮರುವರ್ಷ ಫೆಬ್ರುವರಿ ಹದಿನಾಲ್ಕು, ಶನಿವಾರ ಮಧ್ಯಾಹ್ನ. ನಾವು ಮೂವರೂ ಶೆಡ್ಡಿಗೆ ಹೋದಾಗ ಎನಿಡ್ ಕಡಲ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು.

"ಹೊರೇಸ್, ತಮಾಷೆಗೂ ಒಂದು ಮಿತಿ ಇರುತ್ತೆ," ಅಂದೆ.

"ನನ್ನ ತಾಯಾಣೆ ನಾನು ಮುಟ್ಟಿಲ್ಲ ಕಣ್ರೀ! ಶೆಡ್ಡಿನ ಬೀಗದ ಕೈ ಸೆಲ್ವಿನ್ ಕೊರಳಲ್ಲೇ ನೇತಾಡ್ತಿದೆ, ನೋಡಿ."

ನಾನು ಭೂತಗಾಡಿ ನೋಡಿದವರ ಮಾತು ಕೇಳಿದರೆ ನಗುವವಳು. ಬಗ್ಗಿ ನೋಡಿದೆ. ಅವಳ ಕಾಲ ಕೆಳಗೆ ಕಡಲ ಕಡೆಯ ಪ್ಲಾಟ್‌ಫಾರ್ಮಿನಲ್ಲೂ ಒಂದು ತೂತು ಇತ್ತು, ಸೂಜಿಯಲ್ಲಿ ಅಳೆದು ಕೊರೆದಷ್ಟು ನಯ. ಕೊರೆದ ಪುಡಿ ಎಲ್ಲೂ ಇರಲಿಲ್ಲ. ಲೀಡ್ಸ್ ಕಡೆಯ ತೂತು ಮುಚ್ಚಿಹೋಗಿತ್ತು.

ಸೆಲ್ವಿನ್ ಅವಳನ್ನು ಕಿತ್ತು, ಲೀಡ್ಸ್ ಕಡೆ ಹೊಸ ತೂತು ಕೊರೆದು, ಎರಡು ಟ್ಯೂಬ್ ಬೆರೆಸುವ ಗಟ್ಟಿ ಅಂಟಿನಲ್ಲಿ ನಿಲ್ಲಿಸಿದ. ಮುಂದಿನ ಶನಿವಾರ ಅವಳು ಮತ್ತೆ ಕಡಲ ಕಡೆ. ಅವನು ಮತ್ತೆ ಕಿತ್ತು ಲೀಡ್ಸ್ ಕಡೆ ನಿಲ್ಲಿಸಿದ. ಅದರ ಮುಂದಿನ ಶನಿವಾರವೂ ಅಷ್ಟೇ. ಆ ದಿನ ಇನ್ನೊಂದು ಆಯಿತು. ಸೆಲ್ವಿನ್ ತನ್ನ ಕೋಣೆಯ ಹಳೇ ಗಂಟೆಯನ್ನು ಉಳಿಸಿಕೊಂಡು ಹಲಗೆಯ ಅಂಚಿಗೆ ಜೋಡಿಸಿದ್ದ. ಅದರ ತಂತಿ ಹಲಗೆಯ ಇನ್ನೊಂದು ತುದಿಯಲ್ಲಿ ಒತ್ತುವ ಗುಂಡಿಗೆ ಹೋಗುತ್ತಿತ್ತು. ನಾವು ಮೂವರೂ ಈ ತುದಿಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದೆವು. ಗಂಟೆ ಒಂದು ಸಲ ಹೊಡೆಯಿತು.

ಒಂದೇ ಹೊಡೆತ.

"ಉತ್ತರ ಕೊಡೋ ಮಾರಾಯ," ಅಂದ ಹೊರೇಸ್. ಅವನ ಬಿಸ್ಕತ್ತು ಚಹಾದಲ್ಲಿ ಕರಗಿ ಮುಳುಗಿತ್ತು.

"ಆ ಕಡೆ ಯಾರೂ ಇಲ್ಲ," ಅಂದ ಸೆಲ್ವಿನ್. ಕುರ್ಚಿ ಬಿಟ್ಟು ಏಳಲಿಲ್ಲ.

ನನಗೆ ಸಿಟ್ಟು ಬಂತು. ಹೆದರಿಕೆಯಾದಾಗ ನನಗೆ ಸಿಟ್ಟೇ ಬರುವುದು. ಆ ಫೋಟೋ ಕೊಡು, ಮನೆಗೆ ಒಯ್ದು ಸರಿಯಾಗಿ ನೋಡುತ್ತೇನೆ ಎಂದು ಕಸಿದುಕೊಂಡು ಬಂದೆ. ಕಿಟಕಿಯ ಬೆಳಕಿನಲ್ಲಿಟ್ಟು ನನ್ನ ಹೊಲಿಗೆಯ ಭೂತಗನ್ನಡಿ ಹಿಡಿದೆ. ಎನಿಡ್‌ಳ ಕೋಟಿನ ಗುಂಡಿಗಳು ಈಗ ಕಂಡವು. ಎಡ ಮಗ್ಗುಲು ಬಲದ ಮೇಲೆ ಬಂದಿತ್ತು.

ಇಪ್ಪತ್ತಾರು ವರ್ಷ ಗುಂಡಿ ಹೊಲಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಂಡಸರ ಕೋಟಿನಲ್ಲಿ ಎಡ ಮೇಲೆ, ಹೆಂಗಸರ ಕೋಟಿನಲ್ಲಿ ಬಲ ಮೇಲೆ. ಅವತ್ತೇ ಸೆಲ್ವಿನ್‌ನ ಮನೆಗೆ ಓಡಿದೆ.

"ಅಪ್ಪನ ಕೋಟು ಹಾಕ್ಕೊಂಡು ಹೋಗಿರ್ತಾಳೆ," ಅಂದ ಅವನು.

"ಹಂಗಾದ್ರೆ ಹಿಂದೆ ನಿಂತಿರೋ ಪೋರ್ಟರ್ ಕ್ಲೆಮ್ ಅವರಮ್ಮನ ಕೋಟು ಹಾಕ್ಕೊಂಡಿದ್ನಾ? ಅವನದ್ದು ಬಲ ಮೇಲಿದೆ, ನೋಡು! ಮೊಳೆ ಎಣಿಸೋ ಮಹಾನುಭಾವರೇ, ಒಬ್ಬರಿಗಾದ್ರೂ ಗುಂಡಿ ಕಾಣ್ಲಿಲ್ವಾ?"

ಸೆಲ್ವಿನ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಪಟ ತೆಗೆದಿದ್ದ ಆ ಮುದುಕ ಅದನ್ನು ಕಾಗದಕ್ಕೆ ಇಳಿಸುವಾಗ ಫಿಲ್ಮನ್ನು ಮಗುಚಿ ಇಟ್ಟಿದ್ದ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಬೆಂಚು ನಿಜವಾಗಿ ಕಂಬದ ಬಲಕ್ಕಿತ್ತು. ಎನಿಡ್ ನಿಂತಿದ್ದದ್ದು ಕಡಲ ಕಡೆಯ ಪ್ಲಾಟ್‌ಫಾರ್ಮಿನಲ್ಲಿ.

"ಅವಳು ಹೇಳ್ತಾನೇ ಇದ್ಳು," ಅಂದ ಸೆಲ್ವಿನ್. "ಮೂರು ಸಲ ಹೇಳಿದ್ಳು. ನಾನು ಎರಡು ಸಲ ಕಿತ್ತು ಹಾಕ್ದೆ."

ಸೋಮವಾರ ಬಸ್ಸು ಹಿಡಿದು ಇಬ್ಬರೂ ಸ್ಯಾಂಡ್‌ಹೇವನ್ನಿಗೆ ಹೋದೆವು. ಬರೀ ಹನ್ನೊಂದು ಮೈಲಿ. ನಮ್ಮ ನಂತರದ ನಿಲ್ದಾಣ, ದಾರಿಯ ಕೊನೆ. ಹಳೇ ನಿಲ್ದಾಣದ ಎದುರಿನ ಉಣ್ಣೆಯ ಅಂಗಡಿಯಲ್ಲಿ ವಿನ್ನಿ ಎಂಬ ದಪ್ಪ ಹೆಂಗಸು ಫೋಟೋ ನೋಡಿದ್ದೇ ತಡ ಕುರ್ಚಿ ಎಳೆದು ಕೂತಳು.

"ಇದು ನಮ್ಮ ಎನಿಡ್ ಅಲ್ವಾ! ಈ ಅಂಗಡಿ ನಮ್ಮಿಬ್ಬರದು ಕಣಮ್ಮ. ಅದಕ್ಕೂ ಮುಂಚೆ ಸ್ಟೇಷನ್ನಿನ ಚಹಾ ಅಂಗಡೀಲಿ ಒಟ್ಟಿಗೆ ಇದ್ವಿ." ಅವಳು ಕಣ್ಣೊರೆಸಿಕೊಂಡಳು. "ಫೆಬ್ರುವರಿ ಹನ್ನೊಂದಕ್ಕೆ ಹೋಗ್ಬಿಟ್ಳು. ಬುಧವಾರ. ನೀವು ಯಾರಾಗ್ಬೇಕು ಸ್ವಾಮಿ?"

ಸೆಲ್ವಿನ್ ಮೇಜಿನ ಅಂಚು ಹಿಡಿದುಕೊಂಡ. ಎನಿಡ್‌ಳ ಅಣ್ಣ ಎಂದು ನಾನೇ ಹೇಳಿದೆ.

ವಿನ್ನಿ ಅವನನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಓಹೋ. ಥಾರ್ನ್‌ಬೆಕ್‌ನ ಅಣ್ಣ ನೀವೇನಾ? ನಮ್ಮ ಚಹಾ ಅಂಗಡಿ ಸಿಗ್ನಲ್ ಕೋಣೆಯ ಕೆಳಗೇ ಇದ್ದದ್ದು. ಬೆಳಗ್ಗೆ ನಿಮ್ಮ ಕಡೆಯಿಂದ ಮೊದಲ ಗಂಟೆ ಒಂದು ಸಲ ಹೊಡೀತಿತ್ತಲ್ಲ, ಇವಳು ಕೆಟಲ್ ಕೆಳಗಿಟ್ಟು, 'ನಮ್ಮಣ್ಣ ಎದ್ದ' ಅಂತಿದ್ಳು. ಮೇಜಿನ ಮೇಲೆ ಬೆರಳಲ್ಲಿ ಒಂದು ಸಲ ತಟ್ಟೋಳು. ಹದಿಮೂರು ವರ್ಷ, ಒಂದು ದಿನ ತಪ್ಪಿಸಿಲ್ಲ. ಒಂದ್ಸಲ ಹೋಗಿ ನೋಡ್ಕೊಂಡು ಬಾರೇ ಅಂದ್ರೆ, 'ಮುಖ ತೋರಿಸಬೇಡ ಅಂದಿದ್ದಾನೆ, ಕಿವಿಗೆ ಕೇಳಿಸ್ಕೋಬೇಡ ಅಂದಿಲ್ವಲ್ಲ' ಅನ್ನೋಳು."

ವಾಪಸು ಬಸ್ಸಿನಲ್ಲಿ ಸೆಲ್ವಿನ್ ಕಿಟಕಿಯ ಕಡೆ ತಿರುಗಿ ಅತ್ತ. ನನಗೂ ಅಳು ತಡೆಯಲಾಗಲಿಲ್ಲ. "ದಿನಕ್ಕೆ ಏಳು ಗಾಡಿ ಅವಳ ಕಡೆಗೆ ನಾನೇ ಕಳಿಸ್ದೆ ಬೆರಿಲ್," ಅಂದ. "ಒಂದನ್ನಾದ್ರೂ ನಾನು ಹತ್ತಲಿಲ್ಲ."

ಮನೆಗೆ ಬಂದವನೇ ಕೋಟೂ ತೆಗೆಯದೆ ಶೆಡ್ಡಿನ ಬೀಗ ತೆಗೆದ. ಹೊರಡುವ ಮುಂಚೆ ಎನಿಡ್‌ಳನ್ನು ಕಡಲ ಕಡೆಯ ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟು ಬಂದಿದ್ದೆವು. ಈಗ ಅವಳು ಅಲ್ಲಿರಲಿಲ್ಲ. ಲೀಡ್ಸ್ ಕಡೆಯೂ ಇರಲಿಲ್ಲ. ಹಲಗೆಯ ಕೆಳಗೆ, ನೆಲದ ಮೇಲೆ, ಎಲ್ಲ ಕಡೆ ಮಂಡಿಯೂರಿ ಹುಡುಕಿದೆ. ಕಡಲ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಅವಳ ಪೆಟ್ಟಿಗೆ ಮಾತ್ರ ಇತ್ತು.

"ಹೋದ್ಳು," ಅಂದ ಸೆಲ್ವಿನ್. ಆ ಮುಖವನ್ನು ನೋಡಲಾಗಲಿಲ್ಲ. ಚಾಕು ನನ್ನ ಕಡೆ ಚಾಚಿ, "ಬೆರಿಲ್, ಆ ಸೂರು ತೆಗೆದು ನನ್ನನ್ನು ಬಾಗಿಲ ಕಡೆ ತಿರುಗಿಸ್ತೀಯಾ? ನನ್ನ ಕೈ ನಿಲ್ತಿಲ್ಲ. ಇಷ್ಟಾದ್ರೂ ಮಾಡೋಣ," ಅಂದ.

ಸಿಗ್ನಲ್ ಕೋಣೆಯ ಸೂರಿನ ಸುತ್ತ ಅಂಟು ಹಚ್ಚಿದವಳು ನಾನೇ. ತೆಳುವಾದ ಚಾಕು ಹಿಡಿದು ನೋಡಿದೆ. ಅಂಟು ನಾಲ್ಕು ಕಡೆಯೂ ಇದ್ದ ಹಾಗೇ ಇತ್ತು. ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಕಿಟಕಿಗಳಿಗೆ ಗಾಜು, ಬಾಗಿಲು ಗೋಡೆಗೇ ಸೇರಿಸಿ ಕೆತ್ತಿದ್ದು, ತೆರೆಯುವಂಥದ್ದಲ್ಲ. ನಿಧಾನವಾಗಿ ಸುತ್ತ ಕೊಯ್ದು ಸೂರು ಎತ್ತಿದೆ.

ಒಳಗೆ ಇಬ್ಬರಿದ್ದರು. ಬಾಗಿಲಿನ ಒಳಬದಿಯಲ್ಲಿ ಹಸಿರು ಕೋಟಿನ ಎನಿಡ್ ನಿಂತಿದ್ದಳು. ನಾನು ಬೆನ್ನು ಹಾಕಿಸಿ ಅಂಟಿಸಿದ್ದ ಸಿಗ್ನಲ್‌ಮನ್ ಅವಳ ಕಡೆ ತಿರುಗಿದ್ದ. ಅವಳ ಕೋಟಿನ ಮೇಲೆ ನಾನು ಯಾವತ್ತೂ ಬಿಡಿಸದ ಗುಂಡಿಗಳಿದ್ದವು, ಬಲ ಮಗ್ಗುಲು ಎಡದ ಮೇಲೆ.

ನಾನು ಸೂರನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಆಗ ಹಲಗೆಯ ಅಂಚಿನ ಗಂಟೆ ಒಂದು ಸಲ ಹೊಡೆಯಿತು. ಸೆಲ್ವಿನ್ ಕಣ್ಣೊರೆಸಿಕೊಂಡು, ಹಲಗೆಯ ಇನ್ನೊಂದು ತುದಿಗೆ ನಡೆದು ಹೋಗಿ, ಗುಂಡಿ ಒತ್ತಿ, ಒಂದು ಸಲ ತಿರುಗಿ ಹೊಡೆದ.