ಮಾಸ್ಟ್ರ ದೊಡ್ಡ ತಾಳ

ಎರಡನೇ ಮಹಾಯುದ್ಧ ಸುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ನಾನು ನದಿ ಬದಿಯ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಸುಟ್ಟು ಹೊರಬಂದ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು, ಸ್ವರ ಕೇಳಿ ಬೇರ್ಪಡಿಸುವುದು ನನ್ನ ಕೆಲಸ. ಚೆನ್ನಾಗಿ ಬೆಂದ ಹಂಚು ಠಣ್ ಎನ್ನುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿದ್ದರೂ ಸ್ವರ ಒಡೆದಿರುತ್ತದೆ.

ನಮ್ಮ ಪಕ್ಕದ ಮನೆಯ ಕ್ರೈಸ್ತ ಮಾಸ್ಟ್ರು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಅವರು ಮಾತ್ರ ಎಲ್ಲರೊಡನೆಯೂ ಕನ್ನಡವನ್ನೇ ಆಡುತ್ತಿದ್ದರು. ಮದುವೆಗಳಲ್ಲಿ ಬ್ಯಾಂಡಿಗೆ ಡ್ರಮ್ ಬಾರಿಸುತ್ತಿದ್ದರು. ಅದೇ ಬ್ಯಾಂಡಿನಲ್ಲಿ ಅವರ ಹೆಂಡತಿಯ ಅಣ್ಣ ಪಿಟೀಲು ನುಡಿಸುತ್ತಿದ್ದರು.

ಒಮ್ಮೆ ಮಾಸ್ಟ್ರಿಗೆ ಮುಂಬಯಿಯಿಂದ ಹಡಗಿನಲ್ಲಿ ಒಂದು ಕಂಚಿನ ತಾಳ ಬಂತು. ಊಟದ ಹರಿವಾಣಕ್ಕಿಂತ ದೊಡ್ಡದು, ನಡುವೆ ಬೋರಲು ಹಾಕಿದ ಬಟ್ಟಲಿನಂಥ ಉಬ್ಬು. ಜೋಡಿ ಇಲ್ಲ, ಒಂದೇ. ಕಬ್ಬಿಣದ ಕಾಲಿನ ಮೇಲೆ ಕೂರಿಸಿ ಕೋಲಿನಿಂದ ಬಾರಿಸಬೇಕು. ಒಂದು ವಾರ ಅವರ ಮನೆಯಿಂದ ಬರೀ ಅಬ್ಬರ ಕೇಳಿತು. ಅದನ್ನು ಬಾರಿಸಿದರೆ ತನ್ನ ಪಿಟೀಲು ಯಾರಿಗೂ ಕೇಳಿಸುವುದಿಲ್ಲ, ಮುಂದಿನ ಮದುವೆಗೆ ಅದನ್ನು ತರಲೇಬಾರದು ಎಂದು ಭಾವ, ತಾಳವನ್ನು ಕಣ್ಣಿಂದ ನೋಡದೆ ಅಬ್ಬರ ಮಾತ್ರ ಕೇಳಿ, ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರಂತೆ.

ಭಾನುವಾರ ಮಧ್ಯಾಹ್ನ ಮಾಸ್ಟ್ರು ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. “ಅಕ್ಕಾ, ಅದರಲ್ಲಿ ಎಲ್ಲಿಯಾದರೂ ಒಡಕು ಉಂಟೋ ಎಂತದೋ. ನೀವು ಸ್ವಲ್ಪ ಕೇಳಿ ನೋಡ್ತೀರಾ?”

ನಾನು ಹೋಗಿ ಹಂಚಿಗೆ ಬಡಿದ ಹಾಗೆ ಗೆಣ್ಣಿನಿಂದ ಸುತ್ತಲೂ ಬಡಿದೆ. ಒಡಕಿರಲಿಲ್ಲ. ಆದರೆ ನನಗೆ ಬೇರೆಯೇ ಸೋಜಿಗವಾಯಿತು. ಒಂದೇ ಕಂಚು, ಬಡಿದ ಕಡೆಯಲ್ಲೆಲ್ಲ ಬೇರೆ ಮಾತು. ಅಂಚಿನಲ್ಲಿ ತೆರೆ ಒಡೆದಂತೆ ಉಕ್ಕುತ್ತಿತ್ತು, ಉಬ್ಬಿನ ಮೇಲೆ ದೇವಸ್ಥಾನದ ಗಂಟೆ. ಎರಡರ ನಡುವೆ ಏನಿದೆ ಎಂದು ಬೆರಳಿಗೆ ಸರಿಯಾಗಿ ತಿಳಿಯಲಿಲ್ಲ. ಮಾಸ್ಟ್ರು ಕೋಲಿನ ದಪ್ಪ ಭಾಗದಿಂದ ಅಂಚಿಗೇ ಹೊಡೆಯುತ್ತಿದ್ದರು, ಹಳೆಯ ಚಿಕ್ಕ ತಾಳಕ್ಕೆ ಹೊಡೆದು ಅಭ್ಯಾಸ.

“ಕೋಲಿನ ತುದಿಯಿಂದ ಮೆಲ್ಲ ಹೊಡೀರಿ ಮಾಸ್ಟ್ರೇ. ಅಂಚಿನಿಂದ ಒಳಗೆ ಬನ್ನಿ,” ಎಂದೆ.

ಅವರು ಬೆರಳಗಲ ಬೆರಳಗಲ ಒಳಗೆ ಬಂದರು, ನಾನು ಕಣ್ಣು ಮುಚ್ಚಿ ಕೇಳಿದೆ. ಉಬ್ಬಿಗೆ ನಾಲ್ಕು ಬೆರಳು ಈಚೆಗೆ ಬಂದಾಗ ಕೈ ಎತ್ತಿ ನಿಲ್ಲಿಸಿದೆ. ಅಲ್ಲಿ ಪ್ರತಿ ಪೆಟ್ಟೂ ಟಿಂಗ್ ಎಂದು ಚೊಕ್ಕವಾಗಿ ಬೀಳುತ್ತಿತ್ತು. ಅದರ ಕೆಳಗೆ, ಒಗ್ಗರಣೆಯ ಚಟಪಟ ಅಡಗಿದ ಮೇಲೂ ಉಳಿಯುವ ಚುಯ್ ಎಂಬಂಥ ಸದ್ದು ನಿಲ್ಲದೆ ಹರಿಯುತ್ತಿತ್ತು. ಹಂಚು ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಇದು ಸುಮ್ಮನಾಗುವುದು ಯಾವಾಗ? ಮಾಸ್ಟ್ರು ನಿಂತಿತು ಎಂದಾಗಲೂ ನನಗೆ ಕೇಳುತ್ತಿತ್ತು. ಅಂಗೈಯನ್ನು ಹತ್ತಿರ ಹಿಡಿದರೆ ಗಾಳಿ ನಡುಗುವುದು ತಿಳಿಯುತ್ತಿತ್ತು. ಅಂದು ಸಂಜೆಯವರೆಗೂ ನಾವು ಅದನ್ನೇ ಮಾಡಿದೆವು. ಮಾಸ್ಟ್ರ ಹೆಂಡತಿ ಎರಡು ಸಲ ಚಹಾ ತಂದಿಟ್ಟರು.

ಭಾವನ ಮಾತು ಮೀರಿ ಮಾಸ್ಟ್ರು ಆ ತಾಳವನ್ನು ಮದುವೆಗೆ ಒಯ್ದರು. ನನಗೂ ಕರೆಯಿತ್ತು. ಪಿಟೀಲು ಸುರುವಾದಾಗ ಮಾಸ್ಟ್ರು ನಾವು ಗುರುತಿಸಿದ ಜಾಗದಲ್ಲೇ ಕೋಲಿನ ತುದಿ ತಾಗಿಸಿದರು. ಆ ಸದ್ದು ಪಿಟೀಲನ್ನು ಮುಚ್ಚಲಿಲ್ಲ; ಅದರ ಕೆಳಗೇ ನಡೆಯಿತು. ಕುಣಿಯುವವರ ಹೆಜ್ಜೆ ತಾನಾಗಿ ಅದಕ್ಕೆ ಕೂಡಿಕೊಂಡಿತು.

ಊಟದ ಹೊತ್ತಿಗೆ ಭಾವ ಬಂದು, ಆ ದರಿದ್ರದ್ದನ್ನು ಬಿಟ್ಟು ಬೇರೆ ತಾಳ ತಂದದ್ದು ಒಳ್ಳೆಯದಾಯಿತು ಎಂದರು. ಮಾಸ್ಟ್ರು ನನ್ನ ಮುಖ ನೋಡಿದರು. ಆಮೇಲೆ, ಅದೇ ತಾಳ, ಅಕ್ಕನನ್ನು ಕೇಳಿ ಎಂದರು. ಭಾವ ನಂಬಲಿಲ್ಲ. ತಟ್ಟೆ ಕೆಳಗಿಟ್ಟು, ಕೈ ತೊಳೆದು ಬಂದು, ಎಲ್ಲಿ ಹೊಡೆದಿರಿ ತೋರಿಸಿ ಎಂದು ಕೋಲು ಕೇಳಿದರು.