ಒಪ್ಪಿಗೆ ಪತ್ರ ಓದಿದ ಅಕ್ಕ

ಗೋಕಾಕದಲ್ಲಿ ನಾವು ಬಾಡಿಗೆಗಿದ್ದ ಸರ್ಕಾರಿ ಮನೆಗಳಿಗೆ ವಾರಕ್ಕೆರಡು ದಿನ ಒಬ್ಬ ಅಕ್ಕ ಬರುತ್ತಿದ್ದರು. ಬಾಡಿಗೆದಾರರಿಗೆ ಅವರ ಹಕ್ಕುಗಳ ಬಗ್ಗೆ ತಿಳಿವಳಿಕೆ ಹೇಳಲು ಸರ್ಕಾರ ನೇಮಿಸಿದ್ದವರು. ಅನುದಾನ ನಿಂತು, ಅವರ ಮೇಜು ಕುರ್ಚಿಯನ್ನು ಹೊತ್ತೊಯ್ದ ಮೇಲೂ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. ಯಾವ ಕಾಗದ ಕೊಟ್ಟರೂ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, "ಮೊದಲ ಓದೂಣು, ಆಮ್ಯಾಲೆ ಸಹಿ" ಎನ್ನುವರು.

ಹೊಳೆಯ ನೀರು ಹೊಕ್ಕು ಬಿರುಕುಬಿಟ್ಟಿದ್ದ ಆ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟಲು ಹಣ ಮಂಜೂರಾಯಿತು. ವಸತಿ ಇಲಾಖೆಯ ಸಾಹೇಬರು ಒಪ್ಪಿಗೆ ಪತ್ರ ತಂದರು. ಅವ್ವ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡಾಗಿತ್ತು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿ, ಪತ್ರವನ್ನು ಎಲ್ಲರಿಗೂ ಕೇಳುವಂತೆ ಓದಿದರು.

"ಸಾಹೇಬ್ರ, ಮನಿ ಬಿಡೂದು ಬರದೈತಿ. ತಿರುಗಿ ಬರೂದು ಎಲ್ಲೈತ್ರಿ?"

"ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ್ರಿ?"

"ನಿಮ್ಮ ಮ್ಯಾಲೆ ಐತ್ರಿ. ನಾಳೆ ನಿಮಗ ವರ್ಗ ಆದ್ರ ಯಾರನ್ನ ಕೇಳೂದ್ರಿ?"

ಸಾಹೇಬರು ಪತ್ರವನ್ನು ತಿರುಗಿ ಇಸಿದುಕೊಂಡರು. ಹೊಸ ಮನೆಗಳು ಇದೇ ಕುಟುಂಬಗಳಿಗೆ ಎಂದು ಅದರ ಕೆಳಗೆ ಬರೆದು ಸಹಿ ಹಾಕಿದರು. ಕಟ್ಟಡ ಮುಗಿಯುವಷ್ಟರಲ್ಲಿ ಅವರಿಗೆ ನಿಜವಾಗಿಯೂ ವರ್ಗವಾಗಿತ್ತು. ಹೊಸ ಸಾಹೇಬರು ಬೇರೆಯವರ ಹೆಸರುಗಳ ಪಟ್ಟಿ ಹಿಡಿದು ಬಂದರು; ಆ ಒಂದು ಸಾಲೇ ನಮ್ಮನ್ನು ಉಳಿಸಿತು.

ಹಾಲು ಉಕ್ಕಿಸಿದ ದಿನ ಅಕ್ಕನೂ ಬಂದರು. ಗೋಡೆಯನ್ನು ಅಂಗೈಯಿಂದ ಸವರಿದರು. ನಳ ತಿರುಗಿಸಿ, ನೀರು ಬಂದ ಮೇಲೆಯೇ ಕುಳಿತರು.

"ಅಕ್ಕಾರ, ನಿಮ್ಮ ಮನಿ ಎಲ್ಲೈತ್ರಿ?" ಎಂದಳು ಅವ್ವ.

"ಪ್ಯಾಟ್ಯಾಗ ಒಂದು ಬಾಡಗಿ ಖೋಲಿ ಐತವ್ವಾ. ಮಾಲಕರು ಈ ತಿಂಗಳನ ಖಾಲಿ ಮಾಡ್ರಿ ಅಂದಾರ."

ಅಷ್ಟು ವರ್ಷಗಳಲ್ಲಿ ಅವರ ಮನೆಯ ವಿಷಯವನ್ನು ನಾವು ವಿಚಾರಿಸಿದ್ದು ಅದೇ ಮೊದಲು. ಮರುದಿನ ಅವ್ವ ನಾಲ್ಕು ಮನೆಯ ಹೆಂಗಸರನ್ನು ಕರೆದುಕೊಂಡು ಆ ಮಾಲೀಕರ ಬಾಗಿಲಿಗೆ ಹೋದಳು. ಅಕ್ಕ ಮತ್ತೊಂದು ವರ್ಷ ಆ ಬಾಡಿಗೆ ಕೋಣೆಯಲ್ಲೇ ಇದ್ದರು.